ಡಿಸೆಂಬರ್ ಮಳೆ ಲೆಕ್ಕಾನೂ ಹಾಕಿ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಹೋಬಳಿಲಿ ಎಷ್ಟು ಮಳೆ ಅಂತ ದಿನಾ ಹಾಕ್ತೀರಿ, ಆಗ ಅದನ್ನ ನೋಡಿ ನಾವು ಮಾಡೋದಾದ್ರೂ ಏನು, ಹೊಯ್ಯೋ ಮಳೆ ಹೊಯ್ತಾನೇ ಇರುತ್ತೆ. ನಿಜವಾಗ್ಲೂ ಬೇಕಾಗೋದು ಈಗ, ಕಣದ ತುಂಬ ಕಾಫಿ ಹರವಿಕೊಂಡು ಆಕಾಶ ನೋಡ್ತಾ ಕೂತಿರೋವಾಗ. ಈಗ ನೋಡಿದ್ರೆ ಇಡೀ ಜಿಲ್ಲೆಗೆ ಒಂದು ಗರಿಷ್ಠ ಒಂದು ಕನಿಷ್ಠ ಹಾಕಿ ಮುಗಿಸ್ತೀರಿ.

ನಮ್ಮ ಮೂಡಿಗೆರೆ ಕಡೆ ಬೆಳಗ್ಗೆ ಎದುರಿಗಿರೋ ಮರ ಕಾಣದಷ್ಟು ಮಂಜು, ಹತ್ತಕ್ಕೆ ಚುರುಚುರು ಬಿಸಿಲು, ಮಧ್ಯಾಹ್ನ ಮೂಡಗಾಳಿ ಬೀಸೋಕೆ ಶುರುವಾಯ್ತು ಅಂದ್ರೆ ಅರ್ಧ ಗಂಟೇಲಿ ಮೋಡ, ಕೊಟ್ಟಿಗೆಹಾರದಲ್ಲಿ ಹನಿ ಬಿದ್ದಿರುತ್ತೆ ಪೇಟೇಲಿ ಧೂಳು ಹಾರ್ತಿರುತ್ತೆ. ರಾತ್ರಿ ಆಕಾಶ ತಿಳಿಯಾಗಿದ್ರೆ ನೆಲದ ಕಾವೆಲ್ಲ ಮೇಲೆ ಹೋಗಿ ಕೊರೆಯೋ ಚಳಿ, ಮೋಡ ಇದ್ರೆ ಕಂಬಳೀನೇ ಬೇಡ. ಹಾಗಾಗಿ ಡಿಸೆಂಬರ್‌ನಲ್ಲಿ ಚಳಿ ಬಿಟ್ಟ ರಾತ್ರಿ ಇಲ್ಲಿ ಯಾರಿಗೂ ನಿದ್ದೆ ಬರಲ್ಲ, ಎದ್ದು ಟಾರ್ಚ್ ಹಿಡ್ಕೊಂಡು ಹೋಗಿ ಟಾರ್ಪಾಲ್ ಅಂಚಿಗೆ ಇನ್ನೆರಡು ಕಲ್ಲು ಇಟ್ಟು ಬರ್ತಾರೆ.

2021ರ ಜನವರಿ ಮೊದಲ ವಾರದ ಮಳೆ ಯಾರೂ ಮರ್ತಿಲ್ಲ, ಕೊಡಗು ಹಾಸನ ಚಿಕ್ಕಮಗಳೂರು ಮೂರೂ ಕಡೆ ಹೊಡೀತು. 2024ರಲ್ಲಿ ಫೆಂಗಲ್ ಚಂಡಮಾರುತ ನವೆಂಬರ್ 30ಕ್ಕೆ ಪುದುಚೇರಿ ಹತ್ರ ದಡ ಸೇರಿದ್ದು, ಅದರ ಬಾಲ ಮಲೆನಾಡು ದಾಟಿ ಅರಬ್ಬಿ ಸಮುದ್ರಕ್ಕೆ ಹೋಗೋವಾಗ ಡಿಸೆಂಬರ್ ಶುರುವಲ್ಲೇ ನಮ್ಮನ್ನೂ ನೆನೆಸ್ತು. ಹಣ್ಣು ಉದುರುತ್ತೆ, ಕಣದಲ್ಲಿ ಅರೆ ಒಣಗಿದ ಚೆರಿಗೆ, ಅಂದ್ರೆ ಸಿಪ್ಪೆ ಸಮೇತ ಒಣಗಿಸೋ ಕಾಫಿ ಹಣ್ಣಿಗೆ, ಬೂಷ್ಟು ಹಿಡಿಯುತ್ತೆ. ಜನವರೀಲಿ ಬಂದ್ರಂತೂ ರೊಬಸ್ಟಾ ಜಾತಿ ಕಾಫಿ ಬೆಳೆಯೋರ ಪಾಡು ಕೇಳ್ಬೇಡಿ, ಗಿಡದಲ್ಲಿ ಹಣ್ಣಿರೋವಾಗ್ಲೇ ಹೂ ಅರಳಿಬಿಡುತ್ತೆ, ಹಣ್ಣು ಕೊಯ್ಯೋಕೆ ಹೋದ್ರೆ ಹೂ ಉದುರುತ್ತೆ ಅಂದ್ರೆ ಮುಂದಿನ ವರ್ಷದ ಫಸಲೇ ಹೋಯ್ತು.

ಲೆಕ್ಕ ಇಲ್ಲ ಅಂತಲ್ಲ. ರಾಜ್ಯ ಸರ್ಕಾರದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯ್ತಿಗಳಲ್ಲಿ ಹಾಕಿರೋ ಮಳೆ ಮಾಪಕಗಳು 15 ನಿಮಿಷಕ್ಕೊಂದ್ಸಲ ಮಾಹಿತಿ ಕಳಿಸ್ತಾವೆ, ಇನ್ನು ತೋಟದವರ ಮನೆಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕಗಳೇ ಇವೆ. ಅದನ್ನ ನವೆಂಬರ್‌ನಿಂದ ಫೆಬ್ರವರಿವರೆಗೂ ಹೋಬಳಿವಾರು ಹಾಕಿ, ಎಷ್ಟು ಅನ್ನೋದ್ರ ಜೊತೆ ಎಷ್ಟೊತ್ತಿಗೆ ಅಂತಾನೂ ಹಾಕಿ, ಯಾಕಂದ್ರೆ ರಾತ್ರಿ ಬಂದ್ರೆ ಕಾಫಿ ರಾಶಿ ಮಾಡಿ ಮುಚ್ಚಿರ್ತೀವಿ, ಮಧ್ಯಾಹ್ನ ಮೂರಕ್ಕೆ ಬಂದ್ರೆ ಆಳುಗಳೆಲ್ಲ ತೋಟದಲ್ಲಿರ್ತಾರೆ ಕಣದಲ್ಲಿ ಯಾರೂ ಇರಲ್ಲ. ನಾಕು ದಿನದ ಈ ಟೈಮಿಂಗ್ ಕಣ್ಮುಂದೆ ಇದ್ರೆ ಐದನೇ ದಿನ ಕೊಯ್ಲಿಗೆ ಎಷ್ಟು ಜನ, ಕಣಕ್ಕೆ ಎಷ್ಟು ಜನ ಅಂತ ಬೆಳಗ್ಗೇನೇ ನಿರ್ಧಾರ ಮಾಡ್ಬಹುದು.

ನಮ್ಮನೆ ಮಾಪಕದ ಲೆಕ್ಕ ಬೇಕಿದ್ರೆ ದಿನಾ ಬೆಳಗ್ಗೆ ಎಂಟೂವರೆಗೆ ವಾಟ್ಸಾಪ್ ಮಾಡ್ತೀನಿ. ಇಂಚು-ಸೆಂಟಲ್ಲಿ ಇರುತ್ತೆ (ನೂರು ಸೆಂಟಿಗೆ ಒಂದು ಇಂಚು), ಮಿಲಿಮೀಟರ್ ನೀವೇ ಮಾಡ್ಕೊಳ್ಳಿ.

ಇಂತಿ,
ಸಣ್ಣ ಕಾಫಿ ಬೆಳೆಗಾರ, ಮೂಡಿಗೆರೆ ತಾಲೂಕು