ಕಟ್ಟಾದ ಬೋಲ್ಟಿನ ವಿಷಯವಾಗಿ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಊರ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ಮ್ಯಾನಿಫೋಲ್ಡನ್ನು, ಅಂದರೆ ಎಂಜಿನ್ನಿನ ಹೊಗೆ ಒಯ್ಯುವ ಎರಕದ ಕೊಳವೆಯನ್ನು, ಹೆಡ್ಡಿಗೆ ಹಿಡಿದಿದ್ದ ಹಿಂದಿನ ಬೋಲ್ಟ್ ಮುರಿದು ತುಂಡು ಒಳಗೇ ಉಳಿದಿದೆ ಎಂದು ಬರೆದಿದ್ದೀಯ. ಕೊನೆಯಲ್ಲಿ ನೀನು ಬರೆದ ಒಂದು ಸಾಲು ಎರಡು ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ: "ಡ್ರಿಲ್ ಕೈಗೆತ್ತಿಕೊಳ್ಳುತ್ತೇನೆ, ಮತ್ತೆ ಕೆಳಗಿಡುತ್ತೇನೆ ಮಾವ. ನನ್ನ ಕೈಯಲ್ಲೇ ಹೆಡ್ ಹೋಗಿಬಿಟ್ಟರೆ?"

ಕೆಳಗಿಟ್ಟಿದ್ದೀಯಲ್ಲ, ಸದ್ಯ. ಹಾಗೇ ಇರಲಿ. ಭಯಪಡಬೇಡ ಎಂದು ನಾನು ಬರೆಯುವುದಿಲ್ಲ. ಆ ಕಮಿನ್ಸ್ 6ಬಿಟಿ ಎಂಜಿನ್ನಿಗೆ ಆರೂ ಸಿಲಿಂಡರಿಗೆ ಸೇರಿ ಮೇಲಿನ ಮುಚ್ಚಳದಂತೆ ಒಂದೇ ಹೆಡ್, ಎರಕದ ಕಬ್ಬಿಣದ್ದು. ಹಿಂದಿನ ಮೂಲೆಯ ಒಂದು ತೂತು ರಿಪೇರಿಗೆ ಸಿಗದಷ್ಟು ಕೆಟ್ಟರೆ ಇಡೀ ಹೆಡ್ ಇಳಿಸಬೇಕು. ಆದರೆ ಭಯ ಯಾವ ಗಳಿಗೆಯಲ್ಲಿ ಇರಬೇಕೋ ಅಲ್ಲಿರಲಿ, ಮೊದಲಿಂದ ಕೊನೆಯವರೆಗೆ ಬೇಡ.

ಮೊದಲು ಒಂದು ಮಾತು ನೋಡು. ಗಾಡಿ ನಿನ್ನ ಹತ್ತಿರ ಬರುವ ಮೊದಲೇ ಬೋಲ್ಟ್ ಕಟ್ಟಾಗಿತ್ತು, ಟಕ್ ಟಕ್ ಶಬ್ದ, ಹೆಡ್ಡಿನಿಂದ ಹೊಗೆ ಹೊರಬರುವ ಪೋರ್ಟಿನ ಬಳಿ ಕಪ್ಪು ಮಸಿ, ಟರ್ಬೋ ಎಳೆತ ಕಮ್ಮಿ ಎಂದು ಬರೆದಿದ್ದೀಯ. ಹಾಗಾದರೆ ಅದು ಓಡುವಾಗ ದಣಿದು ಮುರಿದದ್ದು. ನಿನ್ನ ಸ್ಪ್ಯಾನರಿನಲ್ಲಿ ತಿರುಚಿ ಮುರಿದಿದ್ದರೆ ಥ್ರೆಡ್ ಹಿಡಿದುಕೊಂಡಿದೆ ಎಂದರ್ಥ, ಅದು ಕಷ್ಟದ ಕೇಸು. ದಣಿದು ಮುರಿದ ತುಂಡಿನ ಮೇಲೆ ಈಗ ಎಳೆತವಿಲ್ಲ. ಬೋಲ್ಟನ್ನು ಬಿಗಿಯಾಗಿ ಹಿಡಿದಿದ್ದ ತಲೆಯೇ ಹೋಗಿದೆ, ಒಳಗಿನದನ್ನು ಹಿಡಿದಿರುವುದು ತುಕ್ಕು ಮಸಿ ಮಾತ್ರ. ಟಾರ್ಚ್ ಬಿಟ್ಟು ಮುರಿದ ಮುಖ ನೋಡು. ಚಪ್ಪಟೆಯಾಗಿ, ಮರಳ ದಂಡೆಯ ಮೇಲೆ ನೀರು ಸರಿದ ಗುರುತಿನಂತೆ ಗೆರೆ ಇದ್ದರೆ ನಾನು ಹೇಳಿದ್ದು ಸರಿ. ಇಂಥವು ಎಷ್ಟೋ ಸಲ ಸುಲಭವಾಗಿ ಹೊರಬರುತ್ತವೆ.

ಹಿಂದಿನ ಬೋಲ್ಟೇ ಯಾಕೆ ಹೋಯಿತು ಎಂದೂ ಕೇಳಿದ್ದೀಯ. ಒಂದು ಮೀಟರ್ ಎರಕದ ಕಬ್ಬಿಣ 100 ಡಿಗ್ರಿ ಬಿಸಿಗೆ ಸುಮಾರು 1.1 ಮಿ.ಮೀ. ಹಿಗ್ಗುತ್ತದೆ. ಹೆಡ್ಡಿನಲ್ಲಿ ನೀರು ಓಡುತ್ತಿರುವುದರಿಂದ ಅದು ಅಷ್ಟು ಕಾಯುವುದಿಲ್ಲ. ಮ್ಯಾನಿಫೋಲ್ಡ್ ಘಾಟಿ ಹತ್ತುವಾಗ ನೂರಾರು ಡಿಗ್ರಿ ದಾಟುತ್ತದೆ. ನಡುವೆ ಏನೂ ಗೊತ್ತಾಗುವುದಿಲ್ಲ, ಎರಡು ತುದಿಯ ಬೋಲ್ಟುಗಳಿಗೇ ಆ ಎಳೆದಾಟವೆಲ್ಲ. ಅದಕ್ಕೇ ಮೊದಲನೆಯ ಮತ್ತು ಆರನೆಯ ಸಿಲಿಂಡರ್ ಪಕ್ಕದವೇ ಹೆಚ್ಚಾಗಿ ಕಟ್ಟಾಗುವುದು.

ಈಗ ಹೆಡ್ ಹೋಗುವ ಮಾತು. ಆಯಿಲ್ ಹಾಕಿ ಕಾಯುವುದು, ನಟ್ ವೆಲ್ಡ್ ಮಾಡಿ ತಿರುಗಿಸುವುದು, ಇವು ಹತ್ತು ಸಲ ಸೋತರೂ ಹೆಡ್ ಮೊದಲಿದ್ದಂತೆಯೇ ಇರುತ್ತದೆ. ಹಿಂದಕ್ಕೆ ಬರಲಾಗದ ಹೆಜ್ಜೆ ಎರಡೇ: ನಡು ತಪ್ಪಿ ಹೋದ ಡ್ರಿಲ್, ಒಳಗೆ ಮುರಿದುಕೊಂಡ ಈಸಿ ಔಟ್, ಅಂದರೆ ಮುರಿದ ಬೋಲ್ಟಿಗೆ ತೂತು ಕೊರೆದು ಒಳಗೆ ಕಚ್ಚಿಸಿ ಬಿಚ್ಚುವ ಸಾಧನ. ಈಸಿ ಔಟಿನ ಉಕ್ಕು ಬಹಳ ಗಟ್ಟಿ, ಸಾಮಾನ್ಯ ಬಿಟ್ ಅದರ ಮೇಲೆ ಜಾರಿ ಪಕ್ಕದ ಮೆತ್ತನೆಯ ಎರಕವನ್ನು ತಿನ್ನುತ್ತದೆ. ಆಮೇಲೆ ಕಾರ್ಬೈಡ್ ಬಿಟ್ ಬೇಕು, ಇಲ್ಲವೆ ಹೆಡ್ ಇಳಿಸಿ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು) ಮಾಡುವವರ ಹತ್ತಿರ ಹೋಗಬೇಕು. ಸಣ್ಣ ಈಸಿ ಔಟ್ ಹಾಕಿ ಟಿ ಹ್ಯಾಂಡಲಿಗೆ ಪೈಪು ತೊಡಿಸಿ ಒತ್ತಬೇಡಪ್ಪ, ಕೈ ಮುಗಿಯುತ್ತೇನೆ. ನನ್ನ ಕೈಯಲ್ಲಿ ಒಂದು ಹೆಡ್ ಹೋದದ್ದು ಹೀಗೇ. ಆವತ್ತು ಅದು ಮೊದಲೇ ಬಿರುಕು ಬಿಟ್ಟಿತ್ತು ಎಂದುಬಿಟ್ಟೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮೊದಲು ಆಯಿಲ್. ಡಬ್ಲ್ಯುಡಿ-40 ಸ್ಪ್ರೇ ಆಗಲಿ, ತುಕ್ಕು ಬಿಡಿಸುವ ಬೇರೆ ಎಣ್ಣೆಯಾಗಲಿ, ರಾತ್ರಿ ಹಾಕಿ ಬಿಡು, ನಡುನಡುವೆ ಪಂಚ್ ಇಟ್ಟು ಹಗುರವಾಗಿ ತಟ್ಟು. ವೆಲ್ಡ್ ಮಾಡುವ ಮುನ್ನ ಅದನ್ನು ಪೂರ್ತಿ ಒರೆಸಿ ತೆಗೆ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚು, ಆಲ್ಟರ್ನೇಟರ್ ವಯರನ್ನೂ. ಅರ್ತ್ ಕ್ಲ್ಯಾಂಪನ್ನು ಹೆಡ್ಡಿಗೇ, ಆ ಜಾಗದ ಹತ್ತಿರವೇ ಹಾಕು. ಛಾಸಿಗೆ ಹಾಕಿದರೆ ಕರೆಂಟ್ ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ. ಡೀಸೆಲ್ ಪೈಪಿನ ಮೇಲೆ ಒದ್ದೆ ಗೋಣಿ, ಪಕ್ಕದಲ್ಲಿ ಮರಳಿನ ಬಕೆಟ್.

ತುಂಡು ಹೆಡ್ಡಿನ ಮುಖದ ಮಟ್ಟಕ್ಕೆ ಸರಿಯಾಗಿ ಇದೆಯಾದರೆ ಮೊದಲು ಒಂದು ವಾಷರ್ ಇಟ್ಟು, ಅದರ ತೂತಿನೊಳಗೆ ತುಂಡಿನ ನಡುವಿನಿಂದ ವೆಲ್ಡ್ ಎಬ್ಬಿಸಿ ವಾಷರಿಗೆ ಹಿಡಿಸು, ಆಮೇಲೆ ವಾಷರಿನ ಮೇಲೆ ನಟ್. ತಂತಿ ಉಣಿಸುವ ಎಂಐಜಿ ವೆಲ್ಡಿಂಗ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ 2.5 ಮಿ.ಮೀ. ರಾಡ್ ಸಾಕು. ಎರಕಕ್ಕೆ ವೆಲ್ಡ್ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಅದಕ್ಕೆ ಹೆದರಬೇಡ. ಕೆಂಪಗಿರುವಾಗ ತಿರುಗಿಸಬೇಡ, ನಟ್ ಕಿತ್ತು ಬರುತ್ತದೆ. ಕೆಂಪು ಪೂರ್ತಿ ಆರಲಿ, ಬುಡಕ್ಕೆ ಮೇಣದ ಬತ್ತಿ ಮುಟ್ಟಿಸು, ಮೇಣ ಕರಗಿ ಥ್ರೆಡ್ಡಿನೊಳಗೆ ಇಳಿಯುತ್ತದೆ. ಆಮೇಲೆ ಸ್ವಲ್ಪ ಬಿಚ್ಚುವ ಕಡೆ, ಸ್ವಲ್ಪ ಬಿಗಿ ಮಾಡುವ ಕಡೆ. ಕಿರುಗುಟ್ಟಿದರೆ ನಿಲ್ಲಿಸು. ನಟ್ ಕಿತ್ತು ಬಂದರೆ ಇನ್ನೊಂದು ನಟ್. ನಾಲ್ಕು ಐದು ನಟ್ ಹೋದ ಮೇಲೆ ಬಂದದ್ದೂ ಉಂಟು. ಒಂದೊಂದು ಸಲ ಕಾದು ಆರಿದಾಗಲೂ ಒಳಗಿನ ತುಕ್ಕು ಅಷ್ಟಷ್ಟು ಬಿಡುತ್ತದೆ. ಮಾಲೀಕ ಎದುರು ನಿಂತು ಆತುರಪಡಿಸಿದರೂ ನೀರು ಎರಚಿ ತಣಿಸಬೇಡ, ಹೆಡ್ ಬಿರುಕು ಬಿಡುವುದು ಅಲ್ಲೇ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಡ್ರಿಲ್ ಹಿಡಿಯಲು ನಿನಗೆ ಭಯವಾದದ್ದರಲ್ಲಿ ನನ್ನ ಪಾಲೂ ಇದೆ. ಎರಡು ಬೇಸಿಗೆ ನನ್ನ ಜೊತೆ ಇದ್ದೆ. ಆ ಸ್ಪ್ಯಾನರ್ ಕೊಡು, ಈ ಬಟ್ಟೆ ತಾ ಎನ್ನುವುದರಲ್ಲೇ ಕಳೆದೆ. ಕೆಟ್ಟರೂ ಪರವಾಗಿಲ್ಲ ಎನ್ನುವ ಒಂದು ಹಳೆ ಹೆಡ್ ಕೊಟ್ಟು ಕೈ ಪಳಗಿಸಬೇಕಿತ್ತು. ಈಗ ಕಾಗದದಲ್ಲಿ ಹೇಳುತ್ತಿದ್ದೇನೆ, ಎಷ್ಟು ಉಪಯೋಗವೋ.

ನಟ್ಟಿಗೆ ಬರಲೇ ಇಲ್ಲ ಎಂದಾದರೆ ಮಾತ್ರ ಡ್ರಿಲ್. ಬರಿಗೈಯಲ್ಲಿ ಬೇಡ. ಮ್ಯಾನಿಫೋಲ್ಡನ್ನೇ ಕೂರಿಸಿ ಅದರ ತೂತಿನಲ್ಲಿ ಬುಷ್ (ಬಿಟ್ಟಿಗೆ ದಾರಿ ತೋರುವ ಉಕ್ಕಿನ ಕೊಳವೆ) ಇಟ್ಟು ಡ್ರಿಲ್ ಬಿಡುವವರಿದ್ದಾರೆ, ಹೊಸ ಮ್ಯಾನಿಫೋಲ್ಡಾದರೆ ಸರಿ. ಹಳೆಯದು ವರ್ಷಗಟ್ಟಲೆ ಕಾದು ಆರಿ ಉದ್ದದಲ್ಲಿ ಕುಗ್ಗಿರುತ್ತದೆ, ತುದಿಯ ತೂತು ಹೆಡ್ಡಿನ ತೂತಿಗೆ ನೇರ ಬರುವುದಿಲ್ಲ. ಅದನ್ನು ನಂಬಿದರೆ ಡ್ರಿಲ್ ನೇರವಾಗಿ ಎರಕಕ್ಕೇ ಹೋಗುತ್ತದೆ. ಅದಕ್ಕೆ 12 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ಮಾಡಿಸಬೇಕು. ಒಂದು ತೂತು ಅದೇ ಪೋರ್ಟಿನ ಇನ್ನೊಂದು ಬೋಲ್ಟಿಗೆ, ಇನ್ನೊಂದು 12 ಮಿ.ಮೀ. ತೂತು ಮುರಿದ ತುಂಡಿನ ಮೇಲೆ. ಒಂದೇ ಬೋಲ್ಟಿನ ಮೇಲೆ ಪಟ್ಟಿ ಆ ಕಡೆ ಈ ಕಡೆ ತಿರುಗುತ್ತದೆ. ತುಂಡು ತೂತಿನ ನಡುವೆ ಸುತ್ತಲೂ ಸಮನಾಗಿ ಕಂಡಾಗ ಬಿಗಿ ಮಾಡು, ಆಮೇಲೆ 4 ಮಿ.ಮೀ. ಒಳತೂತಿನ ಬುಷ್ ಕೂರಿಸು. ಮುರಿದ ಮುಖ ಓರೆಯಾಗಿದ್ದರೂ ಬಿಟ್ ಜಾರಲು ಬುಷ್ ಬಿಡುವುದಿಲ್ಲ.

ಬಿಟ್ ಕೋಬಾಲ್ಟಿನದೇ ಇರಲಿ. 10.9 ಗ್ರೇಡಿನ ಗಟ್ಟಿ ಬೋಲ್ಟಿಗೆ ಸಾದಾ ಬಿಟ್ ಬೇಗ ಮೊಂಡಾಗುತ್ತದೆ. ತೂತನ್ನು ಹಂತಹಂತವಾಗಿ ದೊಡ್ಡದು ಮಾಡು. 4 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ 800 ಸುತ್ತು, 6.5ಕ್ಕೆ 500, 8ಕ್ಕೆ 400 ಸಾಕು, ಎಣ್ಣೆ ಬಿಡುತ್ತಿರು. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಅದೇ ತಗೋ, ಅರ್ಧ ದಾರಿಯಲ್ಲೇ ತುಂಡು ಬಿಟ್ಟಿಗೆ ಕಚ್ಚಿ ಹೊರಗೆ ಬರುವುದುಂಟು. ಹಳೆ ಬೋಲ್ಟ್ ಹೆಡ್ಡಿನೊಳಗೆ ಎಷ್ಟು ಉದ್ದ ಇಳಿದಿತ್ತೋ ಅಳೆದು, ಮೇಲಿನ ಪಟ್ಟಿ, ಬುಷ್ಷಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು ಬಿಟ್ಟಿಗೆ ಟೇಪು ಸುತ್ತು, ಅದಕ್ಕಿಂತ ಒಳಗೆ ಹೋಗಬೇಡ. ನೀರನ್ನು ಮೊದಲೇ ಇಳಿಸಿಟ್ಟಿರು.

ಇದೊಂದನ್ನು ಮರೆಯಬೇಡ: ಪುಡಿಯನ್ನು ನೋಡುತ್ತಿರು. ಬೋಲ್ಟಿನ ಉಕ್ಕಾದರೆ ಸುರುಳಿ ಸುರುಳಿ ಬರುತ್ತದೆ, ಎರಕವಾದರೆ ಕಪ್ಪು ಹಿಟ್ಟು. ಸುರುಳಿ ಬರುವವರೆಗೆ ಹೆಡ್ಡಿಗೆ ಏನೂ ಆಗಿಲ್ಲ. ಹಿಟ್ಟು ಕಂಡ ಕೂಡಲೇ ನಿಲ್ಲಿಸು, ಅಲ್ಲಿಯವರೆಗೆ ಕೆಟ್ಟದ್ದು ಕೂದಲೆಳೆಯಷ್ಟೇ. ನಿನ್ನ ಭಯ ಇರಬೇಕಾದ ಗಳಿಗೆ ಅದು.

ಎಂ10 (10 ಮಿ.ಮೀ.), 1.5 ಪಿಚ್ ಥ್ರೆಡ್ಡಿಗೆ ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಸಾಧನ, ಬಿಡುವ ಮೊದಲಿನ ಡ್ರಿಲ್ 8.5 ಮಿ.ಮೀ. ನಡುವಿನಲ್ಲೇ ಹೋಗಿದ್ದರೆ 8ಕ್ಕೆ ನಿಲ್ಲಿಸು. ಉಳಿದ ಸಿಪ್ಪೆಯನ್ನು ಸೂಜಿ ಮೊನೆಯಿಂದ ಎಬ್ಬಿಸಿ ಕಿತ್ತು, ಟ್ಯಾಪ್ ಬಿಟ್ಟು ಚೊಕ್ಕ ಮಾಡು. ಥ್ರೆಡ್ ಕೆಟ್ಟೇ ಹೋದರೆ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿ ಸುರುಳಿ) ಇದೆ, 15 ಮಿ.ಮೀ. ಉದ್ದದ್ದು ಹಾಕಿಸು. ಹೆಡ್ ಹೋಯಿತು ಎಂದು ಆಗಲೂ ಅನ್ನಬೇಕಾಗಿಲ್ಲ. ಪೋರ್ಟುಗಳಿಗೆ, ಟರ್ಬೋ ಬಾಯಿಗೆ ಬಟ್ಟೆ ತುರುಕಿರು, ಎಣಿಸಿ ತುರುಕು, ಎಣಿಸಿ ತೆಗೆ.

ಮ್ಯಾನಿಫೋಲ್ಡ್ ಬಾಗಿದ್ದರೆ ಹೊಸ ಬೋಲ್ಟೂ ಹೀಗೇ ಹೋಗುತ್ತದೆ. ಸ್ಟ್ರೇಟ್ ಎಡ್ಜ್ ಇಟ್ಟು ನೋಡು, 0.2 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ಒಳಗೆ ಹೋದರೆ ಸರ್ಫೇಸ್ ಮಾಡಿಸದೆ ಹಾಕಬೇಡ. ಪ್ಯಾಕಿಂಗ್ ಹೊಸದು, ಹನ್ನೆರಡೂ ಬೋಲ್ಟ್ ಹೊಸವು, ಕಂಪನಿಯವೇ. ನಡುವಿನಿಂದ ತುದಿಗಳ ಕಡೆಗೆ, ಎರಡು ಸುತ್ತಿನಲ್ಲಿ, 43 ನ್ಯೂಟನ್ ಮೀಟರಿಗೆ.

ಪಟ್ಟಿ, ಬುಷ್ ಎರಡನ್ನೂ ನಾನೇ ಇಲ್ಲಿ ಲೇತಿನಲ್ಲಿ ಮಾಡಿಸುತ್ತೇನೆ. ನೀನು ಆರನೆಯ ಪೋರ್ಟಿನ ಮ್ಯಾನಿಫೋಲ್ಡ್ ಕಿವಿಯಲ್ಲಿ ಎರಡೂ ತೂತುಗಳ ಒಳ ಅಂಚಿನಿಂದ ಒಳ ಅಂಚಿಗೆ ವರ್ನಿಯರ್ ಹಿಡಿದು ಅಳೆ, ಒಂದು ತೂತಿನ ವ್ಯಾಸವನ್ನು ಅದಕ್ಕೆ ಕೂಡಿಸು, ನನಗೆ ಫೋನ್ ಮಾಡಿ ಹೇಳು. ಮಾರನೆಯ ದಿನ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ಅದು ಬರುವವರೆಗೆ ಆಯಿಲ್ ಹಾಕುತ್ತಿರು, ನಟ್ ಹಾಕಿ ನೋಡುತ್ತಿರು, ಡ್ರಿಲ್ ಮಾತ್ರ ಕೆಳಗೇ ಇರಲಿ.

ನಿನ್ನ ಮಾವ