ಶೀರ್ಷಿಕೆ ಪುಟದ ಹಿಂಬದಿ

ಪ್ರೀತಿಯ ತಮ್ಮ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಕಾದಂಬರಿ ಗೋಡೌನಿನಲ್ಲೇ ಕೂತಿದೆ. ಶೀರ್ಷಿಕೆ ಬದಲಿಸೋಣ, ಬೇಕಿದ್ದರೆ ಲೇಖಕನ ಹೆಸರನ್ನೂ ಬದಲಿಸೋಣ ಅಂತಿದ್ದಾರೆ ಪ್ರಕಾಶಕರು. 'ಇದು ಮೋಸ ಅಲ್ವಾ ಸರ್?' ಎಂದು ಕೇಳಿದ್ದೀಯ. ಜೊತೆಗೆ ಹನ್ನೊಂದು ಶೀರ್ಷಿಕೆಗಳ ಪಟ್ಟಿ ಬೇರೆ. ಪಟ್ಟಿಯನ್ನು ನಾನು ನೋಡಲಿಲ್ಲ, ಅದು ನಿನ್ನ ತಲೆನೋವು.

ಶೀರ್ಷಿಕೆ ಬದಲಾಗುವುದು ಹಳೇ ಕಥೆ. ಅಗಾಥಾ ಕ್ರಿಸ್ಟಿಯ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' 1934ರಲ್ಲಿ ಅಮೆರಿಕಕ್ಕೆ ಹೋಗುವಾಗ 'ಮರ್ಡರ್ ಇನ್ ದಿ ಕ್ಯಾಲೇ ಕೋಚ್' ಆಯಿತು. ಅಲ್ಲಿ ಆಗಲೇ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರದ್ದೊಂದು 'ಓರಿಯಂಟ್ ಎಕ್ಸ್‌ಪ್ರೆಸ್' ಇತ್ತು. ತಮಾಷೆ ನೋಡು, ಇಂಗ್ಲೆಂಡಿನಲ್ಲಿ ಗ್ರೀನ್ ಅವರ ಆ ಪುಸ್ತಕದ ಹೆಸರು 'ಸ್ತಾಂಬುಲ್ ಟ್ರೈನ್'.

ಲೇಖಕರ ಹೆಸರು ಬದಲಾಗುವುದರ ಹಿಂದೆ ಹೆಚ್ಚಾಗಿ ಭಯ ಇರುತ್ತದೆ. ಅಮೆರಿಕದ ಲೇಖಕಿ ಪೆಟ್ರೀಷಿಯಾ ಹೈಸ್ಮಿತ್ ಇಬ್ಬರು ಹೆಂಗಸರ ಪ್ರೀತಿಯ ಕಥೆ ಬರೆದರು. 1952ರಲ್ಲಿ ಅದು 'ದಿ ಪ್ರೈಸ್ ಆಫ್ ಸಾಲ್ಟ್' ಎಂದು ಬಂತು, ಲೇಖಕಿಯ ಹೆಸರು ಕ್ಲೇರ್ ಮಾರ್ಗನ್ ಅಂತ ಹಾಕಿದ್ದರು. 1990ರಲ್ಲಿ ಅದೇ ಪುಸ್ತಕ 'ಕ್ಯಾರಲ್' ಆಗಿ, ಅವರ ಸ್ವಂತ ಹೆಸರಿನಲ್ಲೇ ಬಂತು. ಹಿಂದಿನದನ್ನೆಲ್ಲ ಪುಸ್ತಕದ ಕೊನೆಯಲ್ಲಿ ಅವರೇ ಬರೆದು ಹೇಳಿದರು. ಇದನ್ನು ಯಾರು ಮೋಸ ಅಂತಾರೆ?

ಹೆಸರು ಬದಲಿಸಿದ ಕೂಡಲೇ ಪುಸ್ತಕ ಓಡುತ್ತದೆ ಅಂತ ಮಾತ್ರ ನಂಬಬೇಡ. ಆಗಲೇ ಹೆಸರು ಮಾಡಿದ್ದ ಕಾದಂಬರಿಗಾರ್ತಿ ಡೋರಿಸ್ ಲೆಸ್ಸಿಂಗ್ 'ಜೇನ್ ಸೋಮರ್ಸ್' ಎಂಬ ಹೆಸರಿನಲ್ಲಿ ಹಸ್ತಪ್ರತಿ ಕಳಿಸಿದಾಗ ಅವರ ಪ್ರಕಾಶಕರೇ ಅದನ್ನು ಬೇಡ ಅಂದಿದ್ದರು!

ಇನ್ನು ನನ್ನ ವಿಷಯ. ನನ್ನ ಮೊದಲ ಕಥಾಸಂಕಲನ ಓಡಲಿಲ್ಲ. ಹತ್ತು ವರ್ಷದ ಮೇಲೆ ಒಬ್ಬ ಪ್ರಕಾಶಕರು ಎರಡು ಕಥೆ ಸೇರಿಸಿ, ಹೊಸ ಮುಖಪುಟ, ಹೊಸ ಶೀರ್ಷಿಕೆ ಹಾಕಿದರು. ಒಳಗೆ 'ಮೊದಲ ಮುದ್ರಣ' ಎಂದು ಅಚ್ಚು ಹಾಕಿಸಿದರು. ಕರಡು ತಿದ್ದುವಾಗ ಆ ಎರಡು ಪದ ನನ್ನ ಕಣ್ಣಿಗೆ ಬಿತ್ತು. ಕೊಂಬು, ದೀರ್ಘ ಬಿಡದೆ ತಿದ್ದಿದವನು ಅದನ್ನು ಹಾಗೇ ಬಿಟ್ಟೆ.

ಒಂದು ಸಭೆ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಎರಡೂ ಪುಸ್ತಕ ಹಿಡಿದು ಬಂದರು. ಹಳೆಯದರಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಹೊಸದರಲ್ಲೂ ಅದೇ ಸಾಲಿಗೆ ಗೆರೆ. 'ಎಲ್ಲೋ ಓದಿದ ಹಾಗಿದೆಯಲ್ಲ, ನನಗೆ ಮರೆವು ಶುರುವಾಯ್ತೇನೋ ಅಂತ ಹೆದರಿಬಿಟ್ಟೆ' ಅಂದರು. ಬೈದಿದ್ದರೆ ಚೆನ್ನಾಗಿತ್ತು. ಎರಡಕ್ಕೂ ಸಹಿ ಹಾಕಿಸಿಕೊಂಡು ಹೋದರು.

ಅದಕ್ಕೇ ಹೇಳುತ್ತಿದ್ದೇನೆ. ಶೀರ್ಷಿಕೆ ಬದಲಿಸು, ಬೇಕಾದರೆ ನಿನ್ನ ಹೆಸರನ್ನೂ ಬದಲಿಸು. ಆದರೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ 'ಈ ಕಾದಂಬರಿ ಹಿಂದೆ ಇಂಥ ಹೆಸರಿನಲ್ಲಿ ಪ್ರಕಟವಾಗಿತ್ತು' ಎಂಬ ಒಂದು ಸಾಲು ಹಾಕಿಸು. 'ಹಾಕಿದರೆ ಮಾರಾಟ ಬೀಳುತ್ತೆ' ಅಂತಾರೆ. ಬೀಳಲಿ. ಒಪ್ಪದಿದ್ದರೆ ಪುಸ್ತಕ ವಾಪಸ್ ತಗೋ.

ಆ ಒಂದು ಪುಟದ ಕರಡು ಬಂದಾಗ ನನಗೆ ಕಳಿಸು. ಕಾದಂಬರಿ ಬೇಡ, ಅದನ್ನು ಹಳೇ ಹೆಸರಿನಲ್ಲೇ ಓದಿದ್ದೇನೆ. ಮೂರನೇ ಅಧ್ಯಾಯ ಜಾಸ್ತಿ ಉದ್ದ ಆಯ್ತು ಮಾರಾಯ.

ಇಂತಿ,
ನಿನ್ನ ಹಿರಿಯ ಗೆಳೆಯ