ಈ ಮಳೆಗಾಲದಿಂದ ಕಳೆನಾಶಕ ಇಲ್ಲ, ಕುರ್ಪಿ ಮಾತ್ರ

ಪ್ರೀತಿಯ ಗ್ರಾಹಕರೇ,

ಈ ಜೂನ್‌ನಿಂದ ನಿಮ್ಮ ಕೈತೋಟಕ್ಕೂ ಲಾನಿಗೂ ನಾವು ಕಳೆನಾಶಕ ಹೊಡೆಸುವುದಿಲ್ಲ. ಕಳೆಯನ್ನು ಕುರ್ಪಿ ಹಿಡಿದು ಕೈಯಲ್ಲೇ ತೆಗೆಯುತ್ತೇವೆ. ಬಿಲ್ಲೂ ಬದಲಾಗುತ್ತದೆ. ಚದರ ಅಡಿ ಲೆಕ್ಕ ಹೋಗಿ ಅರ್ಧ ದಿನ, ಪೂರ್ತಿ ದಿನ ಎಂಬ ಆಳಿನ ಲೆಕ್ಕ ಬರುತ್ತದೆ. ಅಕ್ಟೋಬರ್‌ವರೆಗೆ ಖರ್ಚು ಸ್ವಲ್ಪ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ಹೊಸ ದರಪಟ್ಟಿ ಈ ಪತ್ರದ ಜೊತೆಗಿದೆ.

ಯಾಕೆ ಅಂತ ಕೇಳುತ್ತೀರಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಲೈಸೆನ್ಸ್ ಇರುವ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು ಮಾತ್ರ ಬಳಸಬೇಕು ಎಂದು ಆದೇಶ ಹೊರಡಿಸಿತು. ಆಮೇಲೆ ನಾವು ಲೈಸೆನ್ಸ್ ಇರುವವರನ್ನೇ ಕರೆಸುತ್ತಿದ್ದೆವು. ಅವರ ಚಾರ್ಜು ಸೇರಿಸಿದರೆ ಉಳಿತಾಯ ಅಷ್ಟರಲ್ಲೇ ಇತ್ತು. ಅದರ ಮೇಲೆ ಬೆಂಗಳೂರಿನ ಮಳೆ ನಿಮಗೇ ಗೊತ್ತಲ್ಲ, ಬೆಳಗ್ಗೆ ಬಿಸಿಲು, ಸಂಜೆ ಧೋ ಅಂತ ಸುರಿಯುತ್ತದೆ. ಎಲೆ ಹೀರಿಕೊಳ್ಳುವ ಮೊದಲೇ ಮಳೆ ಬಂದರೆ ಔಷಧಿ ಚರಂಡಿ ಪಾಲು. ಗಾಳಿ ಬೀಸಿದರೆ ಪಕ್ಕದ ಗುಲಾಬಿ, ಕರಿಬೇವಿನ ಮೇಲೆ. ಲಾನಿನ ಹುಲ್ಲನ್ನೂ ಅದು ಬಿಡುವುದಿಲ್ಲ. ಬೋಳಾದ ಜಾಗಕ್ಕೆ ಮೊದಲು ಬಂದು ಕೂರುವುದೂ ಕಳೆಯೇ.

ನಿಜವಾದ ತಲೆನೋವು ಜೇಕು ಎಂಬ ಹುಲ್ಲಿನಂಥ ಕಳೆ. ಮೇಲೆ ನಾಲ್ಕು ಎಲೆ ಕಂಡರೆ ಕೆಳಗೆ ಸಾಲು ಗೆಡ್ಡೆ ಇರುತ್ತದೆ. ಸುಮ್ನೆ ಎಲೆ ಹಿಡಿದು ಎಳೆದರೆ ಗೆಡ್ಡೆ ಅಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಅದಕ್ಕೆ ಮಳೆ ಬಿದ್ದ ಮಾರನೇ ದಿನ, ಮಣ್ಣು ಮೆತ್ತಗಿದ್ದಾಗ, ಗೆಡ್ಡೆ ಸಮೇತ ಅಗೆದು ತೆಗೆಯುತ್ತೇವೆ. ಮತ್ತೆ ಚಿಗುರಿದ್ದು ಹೊಸ ಗೆಡ್ಡೆ ಕಟ್ಟುವ ಮೊದಲೇ, ಎರಡು ಮೂರು ವಾರಕ್ಕೊಮ್ಮೆ ಬರುತ್ತೇವೆ. ಒಂದೇ ಮಳೆಗಾಲದಲ್ಲಿ ಜೇಕು ಮುಗಿಯುತ್ತದೆ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನೀವೂ ನಂಬಬೇಡಿ.

ಕಾಂಗ್ರೆಸ್ ಗಿಡದ ಕೆಲಸ ಸುಲಭ, ಹೂ ಬಿಡುವ ಮೊದಲು ಕಿತ್ತರೆ ಆಯಿತು. ಬಿಟ್ಟರೆ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ನಮ್ಮವರು ಕೈಗವಸು ಹಾಕಿಕೊಂಡೇ ಕೀಳುತ್ತಾರೆ. ನೀವು ಕೀಳುವುದಾದರೂ ಬರಿಗೈಯಲ್ಲಿ ಬೇಡ, ಕೆಲವರಿಗೆ ತುರಿಕೆ ವಾರಗಟ್ಟಲೆ ಬಿಡುವುದಿಲ್ಲ.

ನಿಮ್ಮಿಂದಲೂ ಒಂದಿಷ್ಟು ಸಹಾಯ ಬೇಕು. ಲಾನನ್ನು ನೆಲಮಟ್ಟಕ್ಕೆ ಕತ್ತರಿಸಲು ಹೇಳಬೇಡಿ. ಹುಲ್ಲು ಎರಡು ಇಂಚಿನಷ್ಟು ಇದ್ದರೆ ನೆಲಕ್ಕೆ ಬಿಸಿಲು ಬೀಳದೆ ಕಳೆ ಬೀಜ ಮೊಳೆಯುವುದು ಕಡಿಮೆಯಾಗುತ್ತದೆ. ಉದುರಿದ ಎಲೆಯನ್ನು ಕಸದ ಗಾಡಿಗೆ ಕೊಡದೆ ಮೂಲೆಯಲ್ಲಿ ರಾಶಿ ಹಾಕಿ, ಅದನ್ನೇ ಗಿಡದ ಬುಡಕ್ಕೆ ಮೂರು ನಾಲ್ಕು ಇಂಚು ಹರಡುತ್ತೇವೆ. ಹಸಿ ಕೊಟ್ಟಿಗೆ ಗೊಬ್ಬರ ತರಿಸಬೇಡಿ, ಕಳೆ ಬೀಜ ಅದರ ಜೊತೆಗೇ ಬರುತ್ತದೆ. ವಿಡಿಯೋ ನೋಡಿ ಉಪ್ಪು ನೀರು ಸುರಿಯುವುದಂತೂ ಬೇಡವೇ ಬೇಡ. ಕಳೆ ಸಾಯಬಹುದು, ಆದರೆ ಆ ಮಣ್ಣಿನಲ್ಲಿ ಆಮೇಲೆ ನಿಮ್ಮ ಗಿಡವೂ ಏಳುವುದಿಲ್ಲ.

ಇನ್ನೊಂದು ಮಾತು. ಗಣೇಶನ ಹಬ್ಬಕ್ಕೆ ಗರಿಕೆ ಬೇಕು, ತಂಬುಳಿಗೆ ಒಂದೆಲಗ ಬೇಕು ಎನ್ನುವವರು ಮೊದಲೇ ತಿಳಿಸಿ, ಆ ಮೂಲೆ ಮುಟ್ಟುವುದಿಲ್ಲ. ಕಿತ್ತು ಹಾಕಿದ ಮೇಲೆ "ಅಯ್ಯೋ, ಅದು ಬೇಕಿತ್ತಲ್ಲಾ" ಅಂದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ!

ಮೊದಲ ಸುತ್ತು ಜೂನ್ ಎರಡನೇ ವಾರ. ಹೊಸ ಲೆಕ್ಕ ಒಪ್ಪಿಗೆ ಇಲ್ಲದವರು ಮೇ ಕೊನೆಯೊಳಗೆ ತಿಳಿಸಿದರೆ ಮುಂಗಡ ಹಣ ವಾಪಸ್ ಕೊಡುತ್ತೇವೆ. ಮನೆಗೆ ಬೀಗ ಹಾಕಿ ಹೋಗುವುದಿದ್ದರೆ ಹಿಂದಿನ ದಿನವೇ ಒಂದು ಫೋನ್ ಮಾಡಿ.

ಇಂತಿ,
ನಿಮ್ಮ ಕೈತೋಟದ ಕೆಲಸದವರು